ಹೋಲ್ಡಾನ್

ಹಗಲು ಹಲ್ಲು ಮಾಡುತ್ತೇನೆ,
ದುರ್ಗಿಗುಡಿಯಲ್ಲಿ, ಮೆಡಿಕಲ್ ಶಾಪಿನ ಮಹಡಿ ಮೇಲೆ:
ಕ್ಯಾಪು, ಬ್ರಿಜ್ಜು, ಅಜ್ಜಂದಿರ ಪೂರಾ ಸೆಟ್ಟು.
ಏಳು ಗಂಟೆಯಾದ ಮೇಲೆ ಅದೇ ಮೇಜು, ಅದೇ ಟ್ಯೂಬ್‌ಲೈಟು,
ಗೇಣುದ್ದದ ಬಸ್ಸು.

ಮಾಡಿಸುತ್ತಿರುವವರು ಶೇಷೋಜಿ,
ಇಪ್ಪತ್ತೊಂಬತ್ತು ವರ್ಷ ಶಂಕರಿ ಮೋಟಾರ್ಸಿನ ಕಂಡಕ್ಟರು:
ಶಿವಮೊಗ್ಗ, ಆಯನೂರು, ರಿಪ್ಪನ್‌ಪೇಟೆ, ಹೊಸನಗರ, ನಗರ.
ಕೆಳಗೆ ನೀಲಿ, ಮೇಲೆ ಕೆನೆ, ನಡುವೆ ಕೆಂಪು ಪಟ್ಟೆ.
"ನಮ್ಮ ನೀಲಿ ಅಂದ್ರೆ ಇಂಕಿನ ನೀಲಿ ಅಲ್ಲಮ್ಮ,
ಬಕೆಟ್ಟಿನ ನೀರಿಗೆ ಬಿದ್ದ ಬಟ್ಟೆನೀಲಿಯ ಮೊದಲನೇ ಹನಿ."
ಮೂರು ನೀಲಿ ಬೆರೆಸಿ ಆ ಹನಿ ಹಿಡಿದೆ.

ಮೊದಲ ಸಲ, ಜುಲೈ.
ಕ್ಲಿಯರ್ ಹೊಡೆದು ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ
ಬಸ್ಸಿನ ಮೈಗೆ ಪೊರೆ ಬಂದಿತ್ತು.
ಆಟೋ ಕಾಂಪ್ಲೆಕ್ಸಿನ ಖಲಂದರ್, ನಿಜವಾದ ಬಸ್ಸುಗಳಿಗೆ ಬಣ್ಣ ಹೊಡೆದವನು,
ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕ:
"ನಿನ್ನ ಥಿನ್ನರ್ರಿಗೆ ಅವಸರ. ಓಡಿ ಹೋಗುವಾಗ ಮೈ ತಣ್ಣಗೆ ಮಾಡುತ್ತೆ,
ತಣ್ಣಗಾದ ಮೈ ಗಾಳಿಯ ನೀರು ಕುಡಿಯುತ್ತೆ.
ನಿಧಾನದ ಥಿನ್ನರ್ ತಗೋ. ಬಿಸಿಲು ಬಂದ ದಿನ ಹೊಡಿ."
ಬಿಸಿಲು ಬಂದ ದಿನ!
ನಿಧಾನದ್ದನ್ನೇ ತಂದು, ಬರೀ ಥಿನ್ನರ್, ಉಸಿರಿನಷ್ಟು ಊದಿದೆ.
ಪೊರೆ ಕರಗಿತು. ಕಿಟಕಿಗಳು ಒಂದೊಂದೇ ಕಣ್ಣು ಬಿಟ್ಟವು.

ಎರಡನೇ ಸಲ ಕಿತ್ತಳೆ ಸಿಪ್ಪೆ.
ದೂರದಿಂದ ಹೊಡೆದಿದ್ದೆ; ಹನಿಗಳು ದಾರಿಯಲ್ಲೇ ಅರ್ಧ ಒಣಗಿ
ಒಂದಕ್ಕೊಂದು ಬೆರೆಯದೆ ಕೂತಿದ್ದವು.
ಎರಡು ಸಾವಿರದ ಪೇಪರು, ಸೋಪಿನ ನೀರು,
ಹಲ್ಲಿಗೆ ಪಾಲಿಶ್ ಕೊಡುವ ತಾಳ್ಮೆ.
ಅಂಚು ಮಾತ್ರ ಮುಟ್ಟಬಾರದು, ಅಲ್ಲಿ ಬಣ್ಣ ತೆಳು,
ಉಜ್ಜಿದರೆ ಬಿಳಿ ಪ್ಲಾಸ್ಟಿಕ್ಕು ಹಲ್ಲು ಕಿರಿಯುತ್ತದೆ.
(ಕಿರಿಯಿತು, ಮುಂದಿನ ಬಲ ಮೂಲೆಯಲ್ಲಿ. ಟಚಪ್ ಮಾಡಿದ್ದೇನೆ. ಹುಡುಕಬೇಡಿ.)

ಮೂರನೆಯದು ಮೀನ್ಗಣ್ಣು.
ಇದು ತಲೆ ತಿಂದಿತು.
ಹಿಂಬಾಗಿಲ ಪಕ್ಕ, ಕೆಂಪು ಪಟ್ಟೆಯ ಕೆಳಗೆ,
ಕ್ಲಿಯರ್ ಬಿದ್ದ ಕೂಡಲೇ ಹೇಸಿಕೊಂಡಂತೆ ಹಿಂದೆ ಸರಿದು
ಗುಂಡಗೆ ಎರಡು ಗುಳಿ.
ತಿಕ್ಕಿ ತೆಗೆದೆ. ಮುಂದಿನ ವಾರ ಮತ್ತೆ ಹೊಡೆದೆ.
ಅಲ್ಲೇ. ಅವೆರಡೇ.
ಕಂಪ್ರೆಸರಿನ ಎಣ್ಣೆ ಅಂದುಕೊಂಡು ಫಿಲ್ಟರ್ ಬದಲಿಸಿದೆ,
ಪಕ್ಕದ ಮನೆಯ ಒಗ್ಗರಣೆ ಅಂದುಕೊಂಡು ಕಿಟಕಿ ಹಾಕಿದೆ.
ಖಲಂದರ್ ಒಂದೇ ಮಾತು ಕೇಳಿದ: "ಎಣ್ಣೆ ಕೈ ಯಾರದು?"
ನಾನು ಗ್ಲೌಸಿಲ್ಲದೆ ಚಮಚವನ್ನೂ ಮುಟ್ಟದವಳು.

ಶನಿವಾರ, ಎಂದಿನಂತೆ, ಶೇಷೋಜಿ.
ಮೆಟ್ಟಿಲಿಂದಲೇ "ಹಿಲ್ಡಮ್ಮಾ" ಅಂದರು,
ನನಗೆ ಯಾವಾಗಲೂ ಅದು "ಹೋಲ್ಡಾನ್" ಅಂತಲೇ ಕೇಳಿಸುತ್ತದೆ.
ಬಸ್ಸು ನೋಡಿದರು.
ಕೊಬ್ಬರಿ ಎಣ್ಣೆಯ ತಲೆಯನ್ನು ಒಮ್ಮೆ ಸವರಿಕೊಂಡರು.
ಹಿಂಬಾಗಿಲ ಪಕ್ಕ, ಕೆಂಪು ಪಟ್ಟೆಯ ಕೆಳಗೆ,
ಎರಡು ಬೆರಳಲ್ಲಿ ಟಪ್ ಟಪ್.
"ರೈಟ್," ಅಂದರು, ಯಾರಿಗೋ.

ನಾನೇನೂ ಹೇಳಲಿಲ್ಲ.
ಅವರು ಇಳಿದು ಹೋದ ಮೇಲೆ ಸೋಪು, ನೀರು, ಮತ್ತೆ ಸೋಪು.
ಮೊದಲ ಕೋಟು ಮಂಜಿನ ಹಾಗೆ, ಇದೆಯೋ ಇಲ್ಲವೋ ಅನ್ನುವಷ್ಟು;
ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು, ಒದ್ದೆಯಾಗಿ.
ಟ್ಯೂಬ್‌ಲೈಟು ಬಸ್ಸಿನ ಮೈಮೇಲೆ
ಒಂದೇ ಗೆರೆಯಾಗಿ ಮಲಗಿತು, ಎಲ್ಲೂ ಮುರಿಯದೆ.

ಬುಧವಾರ ಬನ್ನಿ ಅಂದಿದ್ದೆ. ಮಂಗಳವಾರವೇ ಬಂದರು.
ಮೇಲೆ ಒಣಗಿದೆ, ಒಳಗಿನ್ನೂ ಹಸಿ.
ಕೈ ತಲೆ ಸವರಿ ಕೆಳಗಿಳಿಯುತ್ತಿತ್ತು.
"ಹೋಲ್ಡಾನ್!" ಅಂತ ಕೂಗಿಬಿಟ್ಟೆ.

ಇಪ್ಪತ್ತೊಂಬತ್ತು ವರ್ಷ ಆ ಮಾತು ಹೇಳಿದವರು,
ಯಾರಿಂದಲೂ ಹೇಳಿಸಿಕೊಂಡವರಲ್ಲ.
ಎರಡು ಬೆರಳು ಪಟ್ಟೆಯಿಂದ ಅಂಗುಲ ದೂರದಲ್ಲಿ ನಿಂತವು.
"ಎಷ್ಟೊತ್ತು ಸ್ಟಾಪು?"
"ನಾಳೆ ಸಂಜೆವರೆಗೆ."

ಸ್ಟೂಲು ಎಳೆದು ಕೂತರು,
ಯಾರ್ಯಾರದೋ ಹಲ್ಲಿನ ಅಚ್ಚುಗಳ ನಡುವೆ, ಬಸ್ಸಿಗೆ ಮುಖ ಮಾಡಿ,
ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು.